ಕಾಲೇಜಿನಲ್ಲಿ ಬೆಟ್ಟ ಹತ್ತೋದೂ ಒಂದು ಪಾಠ ಹೇಗಾಗುತ್ತೆ?

ಅಕ್ಕನ ಮಗಳು ಡಿಗ್ರಿಗೆ ಸೇರಿದ ವಾರ ಅಕ್ಕ ಫೋನ್ ಮಾಡಿದಳು. ಮುಖ್ಯ ವಿಷಯಗಳ ಜೊತೆಗೆ ಆರಿಸಿಕೊಳ್ಳಬೇಕಾದ ಇನ್ನೊಂದು ಕೋರ್ಸಿಗೆ ಮಗಳು ‘ಹೊರಾಂಗಣ ಕ್ರೀಡೆ’ ಅಂತ ಬರೆದುಕೊಟ್ಟಿದ್ದಳು. ಈಜು, ಚಾರಣ, ಸೈಕಲ್, ಬಂಡೆ ಹತ್ತುವುದು ಎಲ್ಲ ಅದರಲ್ಲಿತ್ತು. ಅದಕ್ಕೆ ಅಂಕವೂ ಇತ್ತು.

“ಬೆಟ್ಟ ಹತ್ತೋಕೆ ಫೀಸು ಕಟ್ಟಬೇಕೇನೋ? ನಮ್ಮೂರಲ್ಲಿ ಗುಡ್ಡ ಇರ್ಲಿಲ್ವಾ? ನಾವು ಯಾವ ಕ್ಲಾಸಿಗೆ ಹೋಗಿ ಕಲಿತ್ವಿ?”

ಅಕ್ಕನ ಪ್ರಶ್ನೆ ನ್ಯಾಯವಾದದ್ದೇ. ಬೇರೆ ಮನೆಗಳಲ್ಲೂ ಈಗ ಇದೇ ಮಾತು ನಡೆಯುತ್ತಿದೆ. 2022ರ ಡಿಸೆಂಬರ್‌ನಲ್ಲಿ ದೇಶದ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ ಆರೋಗ್ಯ, ಯೋಗ, ಕ್ರೀಡೆ, ಫಿಟ್‌ನೆಸ್ ಕೂಡ ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಸಿಗುವ ಕೋರ್ಸುಗಳ ಸಾಲಿಗೆ ಬಂದವು. ನಮ್ಮ ರಾಜ್ಯದಲ್ಲಂತೂ ಪದವಿಯ ವ್ಯವಸ್ಥೆ 2021ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಬದಲಾಯಿತು. ಹಾಗಾಗಿ ಯಾವ ಕಾಲೇಜಿನಲ್ಲಿ ಏನಿದೆ ಅಂತ ಅಲ್ಲೇ ಕೇಳಿ ತಿಳಿಯಬೇಕು. ಇಂಥ ಕೋರ್ಸಿನಲ್ಲಿ ಏನು ಕಲಿಸುತ್ತಾರೆ, ಅದು ಮೈಗೆ ಏನು ಮಾಡುತ್ತದೆ, ಅದನ್ನು ಈ ವಯಸ್ಸಿನಲ್ಲೇ ಯಾಕೆ ಕಲಿಯಬೇಕು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕ್ರೆಡಿಟ್ ಅಂದರೆ ಎಷ್ಟು ಹೊತ್ತು?

ಒಂದು ಕ್ರೆಡಿಟ್ ಅಂದರೆ ಸೆಮಿಸ್ಟರಿಗೆ 15 ಗಂಟೆಯ ಪಾಠ, ಇಲ್ಲವೇ 30 ಗಂಟೆಯ ಪ್ರಾಕ್ಟಿಕಲ್. ಎರಡು ಕ್ರೆಡಿಟ್‌ನ ಪ್ರಾಕ್ಟಿಕಲ್ ಕೋರ್ಸು ಅಂದರೆ 60 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 4 ಗಂಟೆ.

ಇದನ್ನು ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75 ನಿಮಿಷ ಜೋರು ಶ್ರಮ ಬೇಕು. ಅದರ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. ಮಧ್ಯಮ, ಜೋರು ಅಂತ ಅಳೆಯೋಕೆ ಯಂತ್ರ ಬೇಡ. ನಡೆಯುತ್ತಾ ಮಾತಾಡೋಕೆ ಆಗುತ್ತೆ, ಹಾಡೋಕೆ ಆಗಲ್ಲ ಅಂದರೆ ಅದು ಮಧ್ಯಮ. ನಾಲ್ಕು ಮಾತು ಆಡುವಷ್ಟರಲ್ಲಿ ಉಸಿರು ಕಟ್ಟಿದರೆ ಅದು ಜೋರು.

ನಮ್ಮ ದೇಶದಲ್ಲಿ ಅರ್ಧದಷ್ಟು ವಯಸ್ಕರು ಈ ಕನಿಷ್ಠವನ್ನೂ ಮುಟ್ಟುತ್ತಿಲ್ಲ. 2024ರಲ್ಲಿ ಹೊರಬಂದ ಜಾಗತಿಕ ಅಧ್ಯಯನ ಒಂದು 2022ರ ಲೆಕ್ಕ ಕೊಟ್ಟಿತು. ಭಾರತದ ಹೆಂಗಸರಲ್ಲಿ ಸುಮಾರು 57%, ಗಂಡಸರಲ್ಲಿ ಸುಮಾರು 42% ಜನಕ್ಕೆ ಸಾಕಷ್ಟು ಓಡಾಟವಿಲ್ಲ. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಸಮೀಕ್ಷೆ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂದಿತ್ತು. ಕಾಯಿಲೆಗೆ ಕಾರಣ ಹಲವು. ಮೈ ಬಗ್ಗಿಸದೇ ಇರೋದು ಅದರಲ್ಲಿ ಒಂದು.

ಮುಂಚೆ ಊರೇ ಕಲಿಸುತ್ತಿತ್ತು

ಅಕ್ಕ ಹೇಳಿದ್ದು ಸುಳ್ಳಲ್ಲ. ನಾವು ಕ್ಲಾಸಿಗೆ ಹೋಗಲಿಲ್ಲ. ಆದರೆ ನಮಗೆ ಕಲಿಸಿದವರು ಇದ್ದರು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದ ಮಾವ ಮೇಲೆ ಹಗ್ಗ ಹಿಡಿದು ನಿಂತಿರುತ್ತಿದ್ದ. ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವಾಗ ಯಾರೋ ಒಬ್ಬರು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದರು. ಯಾವ ಕೊಂಬೆ ತಡೆಯುತ್ತೆ, ಯಾವುದು ಮುರಿಯುತ್ತೆ ಅಂತ ಹೇಳಿಕೊಟ್ಟವರೂ ಇದ್ದರು.

ಈಗ ಬಾವಿ ಮುಚ್ಚಿದೆ, ಇಲ್ಲವೇ ಬತ್ತಿದೆ. ರಸ್ತೆಯಲ್ಲಿ ಸೈಕಲ್ ತುಳಿಯೋಕೆ ಭಯ. ಮಕ್ಕಳ ಹೈಸ್ಕೂಲು, ಪಿಯುಸಿ ಎಲ್ಲ ಟ್ಯೂಷನ್ನಿನಲ್ಲೇ ಮುಗಿಯುತ್ತದೆ. ಹೀಗಾಗಿ 18 ವರ್ಷಕ್ಕೆ ಡಿಗ್ರಿಗೆ ಬರುವ ಎಷ್ಟೋ ಮಕ್ಕಳಿಗೆ ಈಜು ಬರೋದಿಲ್ಲ, ಗೇರ್ ಸೈಕಲ್ ಗೊತ್ತಿಲ್ಲ, ಕಾಲುದಾರಿಯಲ್ಲಿ ಎರಡು ಕಿಲೋಮೀಟರ್ ನಡೆದಿರೋದಿಲ್ಲ. ಬಿಟ್ಟುಹೋದ ಈ ಪಾಠ ಕಲಿಯೋಕೆ ಕಾಲೇಜು ಹೆಚ್ಚುಕಡಿಮೆ ಕೊನೆಯ ಸುಲಭದ ಜಾಗ. ಅಲ್ಲಿ ಮೈದಾನ ಇದೆ, ಕಲಿಸುವವರಿದ್ದಾರೆ, ಜೊತೆಗೆ ಅದೇ ವಯಸ್ಸಿನ ಹತ್ತು ಜನ ಸಿಗುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಈ ಮೂರೂ ಒಟ್ಟಿಗೆ ಸಿಗೋದು ಕಷ್ಟ.

ಬೇರೆ ದೇಶದ ಕೆಲವು ದೊಡ್ಡ ವಿಶ್ವವಿದ್ಯಾಲಯಗಳು ಇದನ್ನು ನಿಯಮವನ್ನೇ ಮಾಡಿವೆ. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದುವವರೂ ಈಜಿನ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಈಜಿನ ತರಗತಿಗೆ ಹೋಗಬೇಕು. ಚೀನಾದ ತ್ಸಿಂಗ್‌ಹುವಾ ವಿಶ್ವವಿದ್ಯಾಲಯ 2017ರಲ್ಲಿ ಈಜನ್ನು ಮತ್ತೆ ಕಡ್ಡಾಯ ಮಾಡಿತು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಚಾರಣದ ಕ್ಲಬ್ಬಂತೂ 1909ರಷ್ಟು ಹಳೆಯದು.

ಐದು ಹುಡುಗರು, ಮೂರು ವಾರ ಹಾಸಿಗೆ

ಹರೆಯದಲ್ಲಿ ಮೈ ಎಷ್ಟು ಬೇಗ ಸೊರಗುತ್ತೆ ಅನ್ನೋದಕ್ಕೆ ಒಂದು ಹಳೆಯ ಪ್ರಯೋಗ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ನಡೆಯುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಆಮೇಲೆ ಅವರ ಮೈ ಒಂದು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಅಳೆದರು.

ಈ ಅಳತೆ ಅರ್ಥವಾಗಬೇಕಾದರೆ ಬೋರ್‌ವೆಲ್ ನೆನೆಸಿಕೊಳ್ಳಿ. ಬೋರು ಕೊರೆಸಿದವರು ಮೊದಲು ಕೇಳೋದು “ಎಷ್ಟು ಇಂಚು ನೀರು ಬಂತು?” ಅಂತ. ಮೋಟರು, ಪೈಪು, ಒಳಗಿನ ಒರತೆ ಎಲ್ಲ ಸೇರಿ ಆ ಇಂಚು ಬರುತ್ತೆ. ಮೈಯಲ್ಲೂ ಹಾಗೇ. ಹೃದಯ ಮೋಟರು, ರಕ್ತನಾಳ ಪೈಪು, ಆಮ್ಲಜನಕವನ್ನು ಬಳಸಿಕೊಳ್ಳುವ ಸ್ನಾಯು ಹೊಲ. ಮೂರೂ ಸೇರಿ ಗರಿಷ್ಠ ಎಷ್ಟು ಆಮ್ಲಜನಕ ಹರಿದು ಬಳಕೆಯಾಗುತ್ತೆ ಅನ್ನೋದೇ ಮೈಯ ಇಂಚು. ಅದು ಜಾಸ್ತಿ ಇದ್ದವರು ಮೆಟ್ಟಿಲು ಹತ್ತಿದರೂ ಏದುಸಿರು ಬಿಡೋದಿಲ್ಲ.

ಆ ಹುಡುಗರ ಇಂಚು ಮೂರೇ ವಾರದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿದುಹೋಗಿತ್ತು. ಆಮೇಲೆ ಎಂಟು ವಾರ ವ್ಯಾಯಾಮ ಮಾಡಿಸಿದಾಗ ಹೋದದ್ದು ವಾಪಸ್ ಬಂತು. ಆ ಐವರ ಕತೆ ಅಲ್ಲಿಗೆ ಮುಗಿಯಲಿಲ್ಲ. ಉಳಿದದ್ದನ್ನು ಕೊನೆಯಲ್ಲಿ ಹೇಳುತ್ತೇನೆ.

ಪಿಗ್ಮಿ ಕಟ್ಟುವ ವಯಸ್ಸು

ಮೂಳೆಯ ಲೆಕ್ಕ ಇನ್ನೊಂದು ಥರ. ಅಂಗಡಿಯವರು ದಿನಾ ಸಂಜೆ ಪಿಗ್ಮಿ ಕಟ್ಟುತ್ತಾರಲ್ಲ, ಹಾಗೆ ಮೂಳೆಯೂ ಚಿಕ್ಕಂದಿನಿಂದ ಸ್ವಲ್ಪಸ್ವಲ್ಪವಾಗಿ ಗಟ್ಟಿಯಾಗುತ್ತಾ ಬರುತ್ತದೆ. ಸುಮಾರು 30ರ ಹೊತ್ತಿಗೆ ಈ ಖಾತೆಯಲ್ಲಿ ಜಮೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಇರುವುದನ್ನು ಕಾಪಾಡಿಕೊಳ್ಳೋದಷ್ಟೇ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಆಗ ಮೊದಲೇ ಜಮೆ ಜಾಸ್ತಿ ಇದ್ದವರು ಬಚಾವು.

ಮೂಳೆಗೆ ಜಮೆ ಆಗಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ನಡಿಗೆ, ಓಟ, ಬೆಟ್ಟ ಇಳಿಯುವುದು, ಜಿಗಿಯುವುದು ಇದಕ್ಕೆ ಒಳ್ಳೆಯದು. ಈಜು, ಸೈಕಲ್ ಹೃದಯಕ್ಕೆ ಬಲು ಒಳ್ಳೆಯವು. ಆದರೆ ನೀರು, ಸೀಟು ಮೈಭಾರ ಹೊತ್ತುಕೊಳ್ಳುವುದರಿಂದ ಮೂಳೆಗೆ ಅಷ್ಟು ಲಾಭವಿಲ್ಲ. ಒಂದೇ ಆಟಕ್ಕೆ ಅಂಟಿಕೊಳ್ಳದೆ ಎರಡು ಕಲಿಯಿರಿ ಅನ್ನೋದು ಇದಕ್ಕೇ.

ಇನ್ನೊಂದು ಉಳಿತಾಯ ತಲೆಯೊಳಗೆ ಆಗುತ್ತದೆ. ಸೈಕಲ್ ಕಲಿತವರು ಇಪ್ಪತ್ತು ವರ್ಷ ಬಿಟ್ಟು ಹತ್ತಿದರೂ ನಾಲ್ಕು ಗಜ ಹೋಗುವಷ್ಟರಲ್ಲಿ ಹದ ಸಿಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಮರೆಯುತ್ತೆ, ಇದು ಮರೆಯಲ್ಲ. ಮೈ ಕಲಿತ ವಿದ್ಯೆಯನ್ನು ಮೆದುಳು ಬೇರೆಯದೇ ಜಾಗದಲ್ಲಿ, ಮುಖ್ಯವಾಗಿ ಕಿರುಮೆದುಳು ಮತ್ತು ಅದರ ಜೊತೆ ಕೆಲಸ ಮಾಡುವ ಭಾಗಗಳಲ್ಲಿ ಇಟ್ಟುಕೊಳ್ಳುತ್ತದೆ. ಮೈಬಲ ವಾರಗಳಲ್ಲಿ ಕರಗುತ್ತದೆ ಅಂತ ಡಲ್ಲಾಸ್ ಹುಡುಗರು ತೋರಿಸಿದರು. ಕಲಿತ ಕೌಶಲ ಹಾಗೆ ಕರಗೋದಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಸೆಮಿಸ್ಟರ್‌ನಲ್ಲಿ ಬಂದ ಫಿಟ್‌ನೆಸ್ಸು ಮುಂದಿನ ಸೆಮಿಸ್ಟರ್‌ಗೆ ಹೋಗಿಬಿಡಬಹುದು. ಕಲಿತ ಈಜು ಹೋಗಲ್ಲ.

ಕಬಡ್ಡಿ ಇದೆಯಲ್ಲ, ಇದ್ಯಾಕೆ?

ಕಬಡ್ಡಿ, ಕೊಕ್ಕೊ, ವಾಲಿಬಾಲ್ ಎಲ್ಲ ಚೆಂದದ ಆಟಗಳೇ. ಆದರೆ ಕಬಡ್ಡಿ ಆಡೋಕೆ ಕಡೇಪಕ್ಷ ಹದಿನಾಲ್ಕು ಜನ ಬೇಕು. ಮದುವೆಯಾಗಿ, ಕೆಲಸಕ್ಕೆ ಸೇರಿ, ಬೇರೆ ಬೇರೆ ಊರಿಗೆ ಹೋದ ಮೇಲೆ ಅಷ್ಟು ಜನ ಒಂದು ಸಂಜೆ ಒಟ್ಟಿಗೆ ಸಿಗೋದು ಯಾವಾಗ? ಆಡುತ್ತಿದ್ದವರು ನೋಡುವವರಾಗುತ್ತಾರೆ.

ದೈಹಿಕ ಶಿಕ್ಷಣದವರು ‘ಜೀವನಪರ್ಯಂತದ ಕ್ರೀಡೆ’ ಅನ್ನೋದು ಒಬ್ಬರೇ ಅಥವಾ ಇಬ್ಬರೇ ಆಡಬಹುದಾದದ್ದಕ್ಕೆ. ಅದರಲ್ಲಿ ಮೈಗೆ ಮೈ ಡಿಕ್ಕಿಯಾಗುವುದಿಲ್ಲ. ವಯಸ್ಸಾದ ಹಾಗೆ ವೇಗ ಕಡಿಮೆ ಮಾಡಿಕೊಂಡು ಮುಂದುವರಿಸಬಹುದು. ಈಜು, ಚಾರಣ, ಸೈಕಲ್, ನಿಧಾನದ ಓಟ, ದೋಣಿ ಹುಟ್ಟುಹಾಕುವುದು ಈ ಗುಂಪಿಗೆ ಸೇರುತ್ತವೆ. 70ರಲ್ಲಿ ಕಬಡ್ಡಿ ರೈಡ್ ಮಾಡುವವರನ್ನು ನಾನು ನೋಡಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬೆಳಿಗ್ಗೆ ಹತ್ತುವ ಹಿರಿಯರನ್ನು ಮೈಸೂರಿನವರೆಲ್ಲ ನೋಡಿದ್ದಾರೆ.

ಜಿಮ್ ಸಾಕಲ್ವಾ, ಹೊರಗೇ ಯಾಕೆ?

ಜಿಮ್ಮಿನಿಂದ ಲಾಭವಿಲ್ಲ ಅಂತಲ್ಲ. ಸ್ನಾಯು ಬಲಕ್ಕೆ ಅದು ಒಳ್ಳೆಯದೇ. ಆದರೆ ಹೊರಗೆ ಕೆಲವು ಸಂಗತಿಗಳು ಬೇಡವೆಂದರೂ ಸಿಗುತ್ತವೆ.

ಮೊದಲನೆಯದು ಬೆಳಕು. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಬೆಳಕು 300ರಿಂದ 500 ಲಕ್ಸ್ ಇರುತ್ತದೆ. ಲಕ್ಸ್ ಅಂದರೆ ಬೆಳಕಿನ ಅಳತೆ. ಹೊರಗೆ ಮರದ ನೆರಳಿನಲ್ಲೂ ಅದು ಸಾವಿರಗಟ್ಟಲೆ ಇರುತ್ತದೆ, ಬಿಸಿಲಲ್ಲಿ ಲಕ್ಷದ ಹತ್ತಿರ ಹೋಗುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೆದುಳಿನೊಳಗಿನ ಗಡಿಯಾರ ಸರಿಹೋಗಿ ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ. ರಾತ್ರಿ ಎರಡಕ್ಕೆ ಮಲಗುವ ಹಾಸ್ಟೆಲ್ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ನೆಲ. ಟ್ರೆಡ್‌ಮಿಲ್ ಸಮತಟ್ಟು. ಕಾಲುದಾರಿಯಲ್ಲಿ ಬೇರು, ಕಲ್ಲು, ಜಾರು ಮಣ್ಣು. ಪ್ರತಿ ಹೆಜ್ಜೆಗೂ ಪಾದದ ಗಿಣ್ಣು ಒಂದು ಸಣ್ಣ ನಿರ್ಧಾರ ಮಾಡುತ್ತದೆ. ಬೀಳದೆ ನಿಲ್ಲುವ ಈ ಅಭ್ಯಾಸ ಮುಪ್ಪಿನಲ್ಲಿ ಬಹಳ ಬೇಕಾಗುತ್ತದೆ. ವಯಸ್ಸಾದವರ ಮೂಳೆ ಮುರಿಯೋದು ಹೆಚ್ಚಾಗಿ ಬಿದ್ದಾಗಲೇ ಅಲ್ವಾ?

ಮೂರನೆಯದು ಮನಸ್ಸು. ಇಂಗ್ಲೆಂಡಿನ ಸುಮಾರು 20,000 ಜನರ ಮೇಲೆ ನಡೆದು 2019ರಲ್ಲಿ ಹೊರಬಂದ ಅಧ್ಯಯನದಲ್ಲಿ, ವಾರಕ್ಕೆ ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಗಿಡಮರ, ನೀರಿನ ನಡುವೆ ಕಳೆದವರು ತಮ್ಮ ಆರೋಗ್ಯ ಚೆನ್ನಾಗಿದೆ, ನೆಮ್ಮದಿ ಇದೆ ಅಂತ ಹೆಚ್ಚಾಗಿ ಹೇಳಿದರು. ಆರೋಗ್ಯ ಚೆನ್ನಾಗಿರುವವರೇ ಹೊರಗೆ ಹೋಗುತ್ತಾರೆ ಅಂತಲೂ ವಾದ ಮಾಡಬಹುದು, ಆ ವಾದಕ್ಕೂ ಬೆಲೆ ಇದೆ. ಆದರೆ ದೀರ್ಘಕಾಲದ ಕಾಯಿಲೆ ಇದ್ದವರಲ್ಲೂ ಅದೇ ಚಿತ್ರ ಕಂಡಿತು.

ತರಗತಿಯಲ್ಲಿ ಏನು ನಡೆಯುತ್ತದೆ?

ಸುಮ್ನೆ ಬಸ್ಸು ಮಾಡಿಕೊಂಡು ಬೆಟ್ಟಕ್ಕೆ ಹೋಗಿ ಫೋಟೊ ತೆಗೆದು ಬರುವುದು ಪಿಕ್‌ನಿಕ್. ಪಾಠಕ್ಕೆ ಮೆಟ್ಟಿಲುಗಳಿರುತ್ತವೆ.

ಬಂಡೆ ಹತ್ತುವುದನ್ನೇ ತೆಗೆದುಕೊಳ್ಳಿ. ಈ ವಿಷಯದಲ್ಲಿ ಕರ್ನಾಟಕ ಪುಣ್ಯವಂತ. ರಾಮನಗರದ ಗ್ರಾನೈಟ್, ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಗುಂಡುಬಂಡೆ, ಎಲ್ಲಕ್ಕೂ ದೂರದೂರದಿಂದ ಜನ ಬರುತ್ತಾರೆ. ಕಲಿಯುವವರನ್ನು ಮೊದಲ ದಿನ ಬಂಡೆ ಮುಟ್ಟಲು ಬಿಡೋದಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟುವುದು, ಹೆಲ್ಮೆಟ್ ಹಾಕುವುದು, ಎಂಟರ ಆಕಾರದ ಗಂಟು ಹಾಕುವುದು ಕಲಿಸುತ್ತಾರೆ. ಆಮೇಲೆ ‘ಬಿಲೇ’. ಬಾವಿಯ ರಾಟೆ ನೆನೆಸಿಕೊಂಡರೆ ಇದು ಥಟ್ಟನೆ ಅರ್ಥವಾಗುತ್ತದೆ. ಹಗ್ಗ ಮೇಲೆ ಭದ್ರವಾದ ಒಂದು ಕೊಂಡಿಯಲ್ಲಿ ಹಾದು ಕೆಳಗೆ ಬರುತ್ತದೆ. ಒಂದು ತುದಿ ಹತ್ತುವವರ ಸೊಂಟದಲ್ಲಿ, ಇನ್ನೊಂದು ತುದಿ ಕೆಳಗೆ ನಿಂತವರ ಕೈಯಲ್ಲಿ. ಹತ್ತುವವರು ಕೊಡಪಾನ ಇದ್ದ ಹಾಗೆ. ಕಾಲು ಜಾರಿದರೆ ಕೆಳಗಿನವರು ಹಗ್ಗ ಬಿಗಿ ಹಿಡಿಯುತ್ತಾರೆ, ಕೊಡ ಬಾವಿಗೆ ಬೀಳೋದಿಲ್ಲ. ಶುರು ಮಾಡುವ ಮುಂಚೆ ಒಬ್ಬರ ಗಂಟನ್ನು ಇನ್ನೊಬ್ಬರು ನೋಡಲೇಬೇಕು. ಇನ್ನೊಬ್ಬರ ಜೀವ ಕೈಯಲ್ಲಿ ಹಿಡಿದು ನಿಲ್ಲೋದು 19 ವರ್ಷದವರಿಗೆ ದೊಡ್ಡ ಪಾಠ.

ಚಾರಣದಲ್ಲಿ ಕಾಲಿಗಿಂತ ಮೊದಲು ನಕ್ಷೆ. ಎತ್ತರ ತೋರಿಸುವ ಗೆರೆಗಳನ್ನು ಓದಲು ಕಲಿಸುತ್ತಾರೆ. ಬೇಸಿಗೆಯಲ್ಲಿ ಕೆರೆ ನೀರು ಇಳಿದ ಹಾಗೆಲ್ಲ ದಡದಲ್ಲಿ ಸುತ್ತ ಗೆರೆ ಉಳಿಯುತ್ತದೆ, ನೋಡಿದ್ದೀರಲ್ಲ? ನಕ್ಷೆಯ ಗೆರೆಯೂ ಅದೇ, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಸಲೀಸು. ಆಮೇಲೆ ನೀರು ಎಷ್ಟು ಹೊರಬೇಕು, ಇಂಬಳ ಕಚ್ಚಿದರೆ ಏನು, ಹಾವು ಕಚ್ಚಿದರೆ ಕೊಯ್ಯದೆ, ಹೀರದೆ, ಬಿಗಿದು ಕಟ್ಟದೆ ಆಸ್ಪತ್ರೆಗೆ ಒಯ್ಯಬೇಕು ಅನ್ನುವುದೆಲ್ಲ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ ಪಾಠ ವಾಪಸ್ ತಿರುಗೋದು. ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುತ್ತೇವೆ ಅಂತ ಹೊರಡುವ ಮುಂಚೆಯೇ ತೀರ್ಮಾನ ಮಾಡಬೇಕು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ಮನಸ್ಸಿಗೆ ಬಹಳ ನೋವಾಗಿತ್ತು. ಬೆಟ್ಟದ ಹವಾಮಾನ ಒಂದೆರಡು ಗಂಟೆಯಲ್ಲಿ ಬದಲಾಗುತ್ತದೆ, ಅನುಭವ ಇದ್ದವರನ್ನೂ ಬಿಡುವುದಿಲ್ಲ. ಅದಕ್ಕೇ ಈ ವಿದ್ಯೆಯನ್ನು ತಗ್ಗಿನ ಬೆಟ್ಟದಲ್ಲಿ, ತಿಳಿದವರ ಜೊತೆ, ಹಂತಹಂತವಾಗಿ ಕಲಿಯಬೇಕು.

ಈಜಿನ ಕ್ಲಾಸಿನಲ್ಲಿ ಮೊದಲ ದಿನ ಯಾರೂ ಕೈಕಾಲು ಬಡಿಯೋದಿಲ್ಲ. ನೀರಿನೊಳಗೆ ಉಸಿರು ಬಿಡುವುದು, ಬೆನ್ನ ಮೇಲೆ ತೇಲುವುದು ಮೊದಲು. ತೇಲೋಕೆ ಬಂದರೆ ಗಾಬರಿ ಹೋಗುತ್ತದೆ. ಗಾಬರಿ ಹೋದರೆ ಉಳಿದದ್ದು ತಾನಾಗೇ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮಲ್ಲಿ ಪ್ರವಾಸ ಹೋದ ವಿದ್ಯಾರ್ಥಿಗಳು ಕೆರೆ, ಹಿನ್ನೀರು, ಕಡಲಿನಲ್ಲಿ ಪ್ರಾಣ ಕಳೆದುಕೊಳ್ಳುವ ಸುದ್ದಿ ಪ್ರತಿ ವರ್ಷ ಬರುತ್ತದೆ. ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರು ಮುಳುಗಿದ ಸುದ್ದಿಯೂ ಅದರಲ್ಲಿರುತ್ತದೆ. ಹಾಗಾಗಿ ಒಳ್ಳೆಯ ತರಗತಿಯಲ್ಲಿ ಇದನ್ನೂ ಹೇಳಿಕೊಡುತ್ತಾರೆ: ಮುಳುಗುತ್ತಿರುವವರ ಬಳಿಗೆ ಜಿಗಿಯಬೇಡಿ. ಹಗ್ಗ, ಪಂಚೆ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಏನು ಸಿಕ್ಕರೂ ದಡದಿಂದಲೇ ಚಾಚಿ, ಇಲ್ಲವೇ ಎಸೆಯಿರಿ.

ಹೆಣ್ಣುಮಕ್ಕಳ ಮಾತು ಬೇರೆಯೇ ಹೇಳಬೇಕು

ಮೇಲೆ ಹೇಳಿದ 57% ಸುಮ್ಮನೆ ಬಂದದ್ದಲ್ಲ. ಹುಡುಗಿ ಹತ್ತನೇ ತರಗತಿ ದಾಟುವಷ್ಟರಲ್ಲಿ ಮೈದಾನ ಕೈತಪ್ಪುತ್ತದೆ. ಬಟ್ಟೆ, ಕತ್ತಲು, ‘ನೋಡಿದವರು ಏನಂತಾರೆ’ ಅನ್ನುವುದು, ಒಂದಲ್ಲ ಒಂದು ಅಡ್ಡ ಬರುತ್ತದೆ. ಬೆಟ್ಟಕ್ಕೆ ಹೋಗ್ತೀನಿ ಅಂದರೆ ಮನೆಯಲ್ಲಿ ಬೇಡ ಅನ್ನುವವರೂ ‘ಇದು ಕ್ಲಾಸು, ಮೇಡಂ ಜೊತೆಗೆ ಬರ್ತಾರೆ’ ಅಂದರೆ ಒಪ್ಪುತ್ತಾರೆ. ಅಂಕ ಇರುವ ಕೋರ್ಸಿನ ದೊಡ್ಡ ಉಪಯೋಗ ಇದು ಅಂತ ನನಗೆ ಅನ್ನಿಸುತ್ತದೆ.

ಮುಟ್ಟಿನ ದಿನ ಹೋಗಬಾರದು ಅಂತ ವೈದ್ಯಕೀಯ ನಿಯಮವೇನೂ ಇಲ್ಲ. ಮೈಗೆ ಹಿತವಾಗಿದ್ದರೆ ಹೋಗಬಹುದು, ಹೊಟ್ಟೆನೋವು ಜಾಸ್ತಿ ಇದ್ದರೆ ಬಿಡಬಹುದು. ಆ ಆಯ್ಕೆಗೆ ಹಾಜರಾತಿ ಕಡಿತವಾಗಬಾರದು, ಅಷ್ಟೇ. ಪೋಷಕರು ಸೇರಿಸುವ ಮುಂಚೆ ಕೇಳಬೇಕಾದ್ದೂ ಇದೆ. ಜೊತೆಗೆ ಹೆಣ್ಣು ತರಬೇತುದಾರರು ಇರುತ್ತಾರಾ? ಶೌಚಾಲಯ ಎಲ್ಲಿದೆ? ಪ್ರಥಮ ಚಿಕಿತ್ಸೆ ಗೊತ್ತಿರುವವರು ಯಾರು? ಆಸ್ಪತ್ರೆ ಎಷ್ಟು ದೂರ? ಅರಣ್ಯ ಇಲಾಖೆಯ ಅನುಮತಿ ಆಗಿದೆಯಾ? ಇಷ್ಟಕ್ಕೂ ಉತ್ತರ ಸಿಕ್ಕರೆ ನೆಮ್ಮದಿಯಾಗಿ ಕಳಿಸಬಹುದು.

ಕಾಲೇಜಿನಲ್ಲಿ ಇಂಥದ್ದು ಇಲ್ಲದಿದ್ದರೆ?

ಎನ್‌ಸಿಸಿ ಇದ್ದರೆ ಸೇರಬಹುದು, ಅದರಲ್ಲಿ ಚಾರಣದ ಶಿಬಿರಗಳಿರುತ್ತವೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಬಂಡೆ ಹತ್ತುವುದು, ಜಲಕ್ರೀಡೆ ಎರಡೂ ಅಲ್ಲಿ ಕಲಿಸುತ್ತಾರೆ. ಸಾಗರದ ಹತ್ತಿರ ಶರಾವತಿ ಹಿನ್ನೀರಿನ ಹೊನ್ನೇಮರಡು ದೋಣಿ ಕಲಿಯುವವರಿಗೆ ಪರಿಚಿತ ಜಾಗ. ಹಿಮಾಲಯದ ಆಸೆ ಇದ್ದವರಿಗೆ ಉತ್ತರಕಾಶಿಯಲ್ಲಿ 1965ರಲ್ಲಿ ಶುರುವಾದ ನೆಹರು ಪರ್ವತಾರೋಹಣ ಸಂಸ್ಥೆ ಇದೆ, ಅದರ ಮೊದಲ ಹಂತದ ಕೋರ್ಸು 28 ದಿನದ್ದು. ಹಗ್ಗ, ಹೆಲ್ಮೆಟ್, ದೋಣಿ ಯಾವುದನ್ನೂ ನೀವು ಕೊಳ್ಳಬೇಕಾಗಿಲ್ಲ, ಕಲಿಸುವ ಜಾಗದಲ್ಲೇ ಇರುತ್ತದೆ. ಒಂದು ಜೊತೆ ಹಿಡಿತ ಇರುವ ಶೂ ಮಾತ್ರ ನಿಮ್ಮದೇ ಇರಲಿ.

ನಮಗೆ ತಡವಾಯ್ತಾ?

ಅಕ್ಕ ಎಲ್ಲ ಕೇಳಿ ಕೊನೆಗೆ ಇದನ್ನೇ ಕೇಳಿದಳು. “ಅವಳದ್ದು ಸರಿ ಕಣೋ, 48 ಆದೋರ ಗತಿ ಏನು?”

ಆಗ ಡಲ್ಲಾಸ್‌ನ ಐವರ ಉಳಿದ ಕತೆ ಹೇಳಿದೆ. 30 ವರ್ಷ ಬಿಟ್ಟು, 1996ರಲ್ಲಿ ಅದೇ ಐವರನ್ನು ಹುಡುಕಿ ಮತ್ತೆ ಅಳೆದರು. ಆಗ ಅವರಿಗೆ 50. ಹೊಟ್ಟೆ ಬಂದಿತ್ತು, ತೂಕ ಏರಿತ್ತು. ಮೂವತ್ತು ವರ್ಷದಲ್ಲಿ ಅವರ ‘ಇಂಚು’ ಸುಮಾರು ಹತ್ತನೇ ಒಂದು ಭಾಗ ಇಳಿದಿತ್ತು. ಅಂದರೆ 20ರಲ್ಲಿ ಮೂರು ವಾರ ಮಲಗಿ ಕಳೆದುಕೊಂಡದ್ದು ಮೂವತ್ತು ವರ್ಷದ ವಯಸ್ಸು ಕಿತ್ತುಕೊಂಡದ್ದಕ್ಕಿಂತ ಜಾಸ್ತಿ. ಆಮೇಲೆ ಅವರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಮಾಡಿಸಿದರು. ಸ್ವಲ್ಪದರಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾ, ಕೊನೆಗೆ ವಾರಕ್ಕೆ ನಾಲ್ಕೂವರೆ ಗಂಟೆಯ ಹತ್ತಿರಕ್ಕೆ ತಂದರು. ತೂಕ ಅಷ್ಟೇನೂ ಇಳಿಯಲಿಲ್ಲ. ಆದರೆ ವಯಸ್ಸಿನಿಂದ ಹೋದ ಇಂಚು ಪೂರ್ತಿ ವಾಪಸ್ ಬಂತು.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, “ಆ ಹಳೇ ಲೇಡೀಸ್ ಸೈಕಲ್ ಇನ್ನೂ ಅಟ್ಟದ ಮೇಲೇ ಇದೆ. ಟೈರ್ ಹಾಕಿಸಿದ್ರೆ ಓಡುತ್ತೇನೋ?”